ಕೌದಿಯ ತೀರ್ಪು ಮತ್ತು ಹತ್ತನೆಯ ತರಗತಿಯ ಪಂಚರು

ವಿಷಯ: ಪ್ರೌಢಶಾಲೆಯ ಕನ್ನಡ ತರಗತಿಯಲ್ಲಿ ಕಥೆಗಳ ಮೂಲಕ ತಾತ್ವಿಕ ವಿಚಾರಗಳನ್ನು ಚರ್ಚಿಸಿದ ಬಗ್ಗೆ, ಹಾಗೂ ತತ್ಪರಿಣಾಮವಾಗಿ ಒಂದು ಮನೆಯ ಬಾಗಿಲು ಮುಚ್ಚಿದ ಬಗ್ಗೆ.

ಹೊಸದಾಗಿ ಕನ್ನಡ ಶಿಕ್ಷಕರಾಗಿ ಸೇವೆಗೆ ಸೇರಿರುವ ಕಿರಿಯ ಮಿತ್ರರಲ್ಲಿ ವಿನಯಪೂರ್ವಕವಾಗಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ನಾನು ನಿವೃತ್ತನಾಗಿ ಬಹಳ ಕಾಲ ಸಂದಿದೆ. ಸೇವಾವಧಿಯಲ್ಲಿ ನಾನು ಬರೆದದ್ದೆಲ್ಲ ರಜೆಯ ಅರ್ಜಿ, ಕೊಠಡಿ ದುರಸ್ತಿಯ ಮನವಿ, ಪೀಠೋಪಕರಣಗಳ ಬೇಡಿಕೆ, ಇಂಥವೇ. ಅನುಭವ ಕಥನವನ್ನು ಹೇಗೆ ಬರೆಯಬೇಕೆಂಬುದು ನನಗೆ ತಿಳಿಯದು. ತಿಳಿದಿರುವ ಒಂದೇ ರೀತಿಯಲ್ಲಿ ಬರೆಯುತ್ತಿದ್ದೇನೆ. ಕ್ರಮದಲ್ಲಿ ಲೋಪ ಕಂಡುಬಂದಲ್ಲಿ ಓದುಗರು ಉದಾರ ಮನಸ್ಸಿನಿಂದ ಸರಿಪಡಿಸಿಕೊಂಡು ಓದಬೇಕಾಗಿ ಪ್ರಾರ್ಥನೆ. ನನಗೆ ಯಾವಾಗ ಬಡ್ತಿ ದೊರೆಯಿತು, ಯಾರು ಶಾಲು ಹೊದಿಸಿದರು ಎಂಬ ವಿವರಗಳನ್ನು ಕೈಬಿಟ್ಟಿದ್ದೇನೆ. ಅವುಗಳಿಂದ ಯಾರಿಗೂ ಪಾಠ ಮಾಡಲು ಬರುವುದಿಲ್ಲ.

ನನ್ನ ಮೊದಲ ಆಘಾತ ಸಂಭವಿಸಿದ್ದು ರಾಣೆಬೆನ್ನೂರಿನಲ್ಲಿ, ಎಂಬತ್ತರ ದಶಕದ ಆರಂಭದಲ್ಲಿ. ಆಗಿನ ಪದ್ಧತಿಯಂತೆ ಕಥೆ ಓದುವ ಮೊದಲೇ ಕಪ್ಪುಹಲಗೆಯ ಬಲ ಮೂಲೆಯಲ್ಲಿ ಒಂದು ಚೌಕ ಬರೆದು, ಅದರೊಳಗೆ ‘ನೀತಿ’ ಎಂದು ಬರೆದು, ಅದರ ಕೆಳಗೆ ಆ ಪಾಠದ ನೀತಿಯನ್ನು ಬರೆಯುತ್ತಿದ್ದೆವು. ಮಕ್ಕಳು ಮೊದಲು ನೀತಿಯನ್ನು ನಕಲು ಮಾಡಿಕೊಳ್ಳುತ್ತಿದ್ದರು. ಕಥೆ ನಂತರ ಬರುತ್ತಿತ್ತು. ಕೆಲವೊಮ್ಮೆ ಗಂಟೆ ಬಾರಿಸಿದರೆ ಬರುತ್ತಲೂ ಇರಲಿಲ್ಲ. ಒಂದು ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಪಾಠ ಮಾಡಿರದ ಒಂದು ಚಿಕ್ಕ ಕಥೆಯನ್ನು ಪ್ರಶ್ನೆಪತ್ರಿಕೆಯಲ್ಲೇ ಕೊಟ್ಟಿದ್ದರು. ಇಬ್ಬರು ಅಣ್ಣತಮ್ಮಂದಿರು, ಒಂದು ಹೊಲ. ಅಣ್ಣ ಸುಳ್ಳು ಹೇಳಿ ಹೊಲವನ್ನು ತನ್ನದಾಗಿಸಿಕೊಂಡು ಸುಖವಾಗಿ ಬಾಳುತ್ತಾನೆ. ತಮ್ಮ ನಿಜ ಹೇಳಿ ಊರು ಬಿಡುತ್ತಾನೆ. ಕಥೆ ಅಲ್ಲಿಗೆ ಮುಗಿಯುತ್ತದೆ. ‘ಇದರಿಂದ ನಿಮಗೆ ತೋರುವುದೇನು?’ ಎಂಬುದು ಪ್ರಶ್ನೆ. ಇಡೀ ತರಗತಿ ಒಂದೇ ಉತ್ತರ ಬರೆದಿತ್ತು: ಸತ್ಯಕ್ಕೇ ಜಯ.

ನಾನು ಉತ್ತರಪತ್ರಿಕೆಗಳನ್ನು ಒಂದೊಂದಾಗಿ ಮತ್ತೆ ತಿರುವಿ ನೋಡಿದೆ. ಮರುದಿನ ಮುಂದಿನ ಸಾಲಿನ ಒಬ್ಬ ಹುಡುಗನನ್ನು ಕೇಳಿದೆ, “ಕಥೆ ಓದಿದಿ ಏನಪ್ಪಾ?”

“ಓದಿಲ್ರಿ ಸರ್.”

“ಯಾಕ?”

“ಓದಿದ್ರೂ ಅದನ್ನಽ ಬರೀಬೇಕಲ್ರಿ?” ಎಂದ ಅವನು. ಅವನ ಧ್ವನಿಯಲ್ಲಿ ಉದ್ಧಟತನವಿರಲಿಲ್ಲ. ನನಗೆ ಸಹಾಯ ಮಾಡುವ ದನಿಯಿತ್ತು.

ಕೆಲವು ವರ್ಷಗಳ ನಂತರ ಬ್ಯಾಡಗಿಯ ಒಂದು ಪ್ರೌಢಶಾಲೆಗೆ ನನ್ನ ವರ್ಗಾವಣೆಯಾಯಿತು. ಶಾಲೆಯ ಹಿಂಬದಿಗೆ ಒಂದು ಗೋಡೆ, ಗೋಡೆಯಾಚೆ ಮೆಣಸಿನಕಾಯಿ ಒಣಗಿಸಿ ತೊಟ್ಟು ಬಿಡಿಸುವ ಬಯಲು. ಹಂಗಾಮಿನಲ್ಲಿ ಗಾಳಿ ತಿರುಗಿದರೆ ಘಾಟು ನೇರವಾಗಿ ಹತ್ತನೆಯ ತರಗತಿಯೊಳಗೆ ಬರುತ್ತಿತ್ತು. ಊರವರು ಆ ಘಾಟಿಗೆ ಕೆಮ್ಮುತ್ತಿರಲಿಲ್ಲ. ಪರವೂರಿನವರು ಮಾತ್ರ ಕೆಮ್ಮುತ್ತಿದ್ದರು. ಯಾರು ಹೊಸಬರೆಂದು ಹೆಸರು ಕೇಳುವ ಮೊದಲೇ ಗೊತ್ತಾಗುತ್ತಿತ್ತು. ನಾನು ಮೊದಲನೆಯ ಹಂಗಾಮಿನಲ್ಲಿ ಪಾಠಕ್ಕಿಂತ ಹೆಚ್ಚು ಕೆಮ್ಮಿದೆನೆಂದು ಇಲ್ಲಿ ದಾಖಲಿಸುತ್ತೇನೆ. “ಕೆಮ್ಮು ಕೇಳಾಕತ್ತೈತಿ, ಕನ್ನಡದ ಮಾಸ್ತರು ಬಂದ್ರು, ಕುಂದರ್ರೋ” ಎಂದು ಹುಡುಗರು ಒಳಗೆ ಹೇಳಿಕೊಳ್ಳುವುದು ನನಗೆ ಬಾಗಿಲ ಹೊರಗೇ ಕೇಳಿಸುತ್ತಿತ್ತು.

ಸದರಿ ಶಾಲೆಯಲ್ಲಿ ನಾನು ನೀತಿಯ ಚೌಕವನ್ನು ಕೈಬಿಟ್ಟೆ. ಅದರ ಬದಲಿಗೆ ಶನಿವಾರದ ಬೆಳಗಿನ ಶಾಲೆಯ ಕೊನೆಯ ಅವಧಿಯಲ್ಲಿ ಒಂದು ಪದ್ಧತಿ ಆರಂಭಿಸಿದೆ. ಮಕ್ಕಳಲ್ಲಿ ಬಹುತೇಕರು ಸುತ್ತಲಿನ ಹಳ್ಳಿಗಳವರು. ಪಂಚರು ಕಟ್ಟೆಯ ಮೇಲೆ ಕುಳಿತು ನ್ಯಾಯ ಬಗೆಹರಿಸುವುದನ್ನು ಚಿಕ್ಕಂದಿನಿಂದ ಕಂಡವರು. ಆದ್ದರಿಂದ ತರಗತಿಯನ್ನೇ ಪಂಚರನ್ನಾಗಿ ಮಾಡಿದೆ. ಕಥೆ ಓದಿದ ಮೇಲೆ ಅದರಿಂದ ಒಂದು ಪ್ರಶ್ನೆ ಏಳಬೇಕು. ಪ್ರಶ್ನೆ ಎತ್ತುವವರು ಮುಂದೆ ಬಂದು ನನ್ನ ಕೈಯಿಂದ ಒಂದು ಸೀಮೆಸುಣ್ಣದ ಕಡ್ಡಿ ತೆಗೆದುಕೊಳ್ಳಬೇಕು. ಎರಡೂ ಕಡೆ ವಾದ ನಡೆಯಬೇಕು. ಕೈ ಎತ್ತಿಸಿ ತೀರ್ಪು. ಪ್ರಶ್ನೆ ಎತ್ತಿದವರು ತೀರ್ಪನ್ನು ಒಪ್ಪಿದರೆ ಕಡ್ಡಿಯನ್ನು ನನ್ನ ಅಂಗೈಯಲ್ಲಿ ಇಟ್ಟು “ಒಪ್ಪಿದೆ” ಎನ್ನಬೇಕು. ಹಳ್ಳಿಯ ಪಂಚಾಯಿತಿಯಲ್ಲಿ ಎಲೆ ಅಡಿಕೆ ಹಿಡಿದು ಮಾತು ಕೊಡುವುದಿಲ್ಲವೇ, ಅದರ ಬದಲಿಗೆ ಈ ಕಡ್ಡಿ. ಇದು ಬೋಧನೋಪಾಯ ಮಾತ್ರವೆಂದು ನಾನು ತಿಳಿದಿದ್ದೆ.

ಹಾವೇರಿಯಿಂದ ತಪಾಸಣೆಗೆ ಬಂದ ವಿಷಯ ಪರಿವೀಕ್ಷಕರು ಇಂಥದೇ ಒಂದು ಶನಿವಾರ ಒಳಗೆ ಬಂದರು. ಹುಡುಗರು ಒಬ್ಬರ ಮೇಲೊಬ್ಬರು ಬಿದ್ದು ವಾದಿಸುತ್ತಿದ್ದರು. ಪರಿವೀಕ್ಷಕರು ಕೆಮ್ಮುತ್ತ, “ಇದು ಕನ್ನಡ ತರಗತಿಯೋ ಊರ ಚಾವಡಿಯೋ?” ಎಂದರು. ಕಾಗಿನೆಲೆಯಿಂದ ದಿನಾಲು ಬಸ್ಸಿನಲ್ಲಿ ಬರುತ್ತಿದ್ದ ಬಸವರಾಜನೆಂಬ ವಿದ್ಯಾರ್ಥಿ ಎದ್ದು ತನ್ನ ಬೆಂಚಿನ ತುದಿಯನ್ನು ಒರೆಸಿ, “ಕುಂದರ್ರಿ ಸರ್, ನಿಮ್ಮ ಕೈನೂ ಎಣಿಸ್ತೇವಿ” ಎಂದ. ನನ್ನ ನೌಕರಿ ಅಂದಿಗೆ ಮುಗಿಯಿತೆಂದೇ ಭಾವಿಸಿದೆ. ಪರಿವೀಕ್ಷಕರು ಕುಳಿತರು. ಕೈಯನ್ನೂ ಎತ್ತಿದರು. ಅವರ ವರದಿಯಲ್ಲಿ ‘ಗದ್ದಲವಿದೆ, ಆದರೆ ಮಕ್ಕಳು ಮಾತನಾಡುತ್ತಾರೆ’ ಎಂದಿತ್ತು. ಈ ಮಾತಿನಿಂದ ನನ್ನ ಧೈರ್ಯ ಬೆಳೆಯಿತು. ಮುಂದಿನದಕ್ಕೆ ಇದೂ ಒಂದು ಕಾರಣ.

ಮೇಲ್ಕಾಣಿಸಿದ ವಿಷಯಕ್ಕೆ ಈಗ ಬರುತ್ತೇನೆ.

ಎಂಬತ್ತರ ದಶಕದ ಕೊನೆಯ ಒಂದು ಮೆಣಸಿನಕಾಯಿ ಹಂಗಾಮು. ಪೋಷಕ ಪಠ್ಯದ ಒಂದು ಜನಪದ ಕಥೆಯನ್ನು ಓದಿಸಿದೆ. ಒಬ್ಬ ಅಜ್ಜಿ ಹಳೆಯ ಸೀರೆಗಳ ತುಂಡು ಸೇರಿಸಿ ಕೌದಿ ಹೊಲಿಯುತ್ತಾಳೆ. ತುಂಡು ಹರಿದಂತೆಲ್ಲ ಮಗಳು ಹೊಸ ತುಂಡು ಹಚ್ಚುತ್ತಾಳೆ, ಆಮೇಲೆ ಮೊಮ್ಮಗಳು. ಕೊನೆಗೆ ಅಜ್ಜಿ ಹಚ್ಚಿದ ಒಂದು ಚೂರೂ ಉಳಿಯುವುದಿಲ್ಲ. ಇದು ಅಜ್ಜಿಯ ಕೌದಿಯೇ ಅಥವಾ ಬೇರೆ ಕೌದಿಯೇ ಎಂಬುದು ಪ್ರಶ್ನೆ. ಮನುಷ್ಯನ ‘ತಾನು’ ಎಂಬುದು ಎಲ್ಲಿದೆ, ಬದಲಾಗುವುದರ ನಡುವೆ ಉಳಿಯುವುದೇನು, ಎಂದು ಜ್ಞಾನಿಗಳು ತಲೆ ಕೆಡಿಸಿಕೊಂಡ ವಿಚಾರ ಇದೇ. ನಮ್ಮ ಮಕ್ಕಳು ಅದನ್ನು ಕೌದಿಯಲ್ಲಿ ಹಿಡಿದರು. “ದಾರನೂ ಹೊಸಾದು, ಅರಬಿನೂ ಹೊಸಾದು, ಹೆಸರೊಂದ ಹಳೇದು” ಎಂದು ವಾದಿಸಿ, ಬಹುಮತದಿಂದ ಬೇರೆ ಕೌದಿಯೆಂದು ತೀರ್ಮಾನಿಸಿದರು.

ಆಗ ಗಿರಿಜಾ ಎದ್ದು ಬಂದಳು. ಮಾತು ಕಡಿಮೆಯ ಹುಡುಗಿ. ಅವಳ ತಾಯಿ ನೀಲವ್ವ ಗೋಡೆಯಾಚೆಯ ಬಯಲಿನಲ್ಲೇ ತೊಟ್ಟು ಬಿಡಿಸುವ ಕೆಲಸಕ್ಕಿದ್ದಳು. ಶಾಲೆ ಬಿಟ್ಟ ಮೇಲೆ ಮನೆಗೆ ಮೊದಲು ಹೋಗುವವಳು ಗಿರಿಜಾಳೇ ಆದ್ದರಿಂದ ಮನೆಯ ಕೀಲಿಕೈಯನ್ನು ದಾರಕ್ಕೆ ಕಟ್ಟಿ ಕೊರಳಿಗೆ ಹಾಕಿಕೊಂಡಿರುತ್ತಿದ್ದಳು. ಅವಳು ನನ್ನ ಕೈಯಿಂದ ಕಡ್ಡಿ ತೆಗೆದುಕೊಂಡು ಕೇಳಿದಳು:

“ಸರ್, ಕೌದಿ ಬಿಡ್ರಿ. ಮನಷಾಂದು ಹೆಂಗ್ರಿ? ಮನಿ ಬಿಟ್ಟು ಹೋದಾಂವ ಭಾಳ ವರ್ಷದ ಮ್ಯಾಲ ಬಂದ್ರ, ಅಂವ ಅದಽ ಮನಷಾ ಏನ್ರಿ?”

ನನಗಾದ ಸಂತೋಷವನ್ನು ಹೇಳಲಾರೆ. ಕೌದಿಯಿಂದ ಮನುಷ್ಯನಿಗೆ ತಾನಾಗಿ ದಾಟಿದ್ದಳು. ಪ್ರಶ್ನೆಯನ್ನು ಪಂಚರ ಮುಂದಿಟ್ಟೆ.

“ಕೂದ್ಲಾ ಹೋಗಿರ್ತಾವು, ಹಲ್ಲು ಹೋಗಿರ್ತಾವು, ಹೊಟ್ಟಿ ಬಂದಿರ್ತೈತಿ,” ಎಂದ ಬಸವರಾಜ. “ಪೂರಾ ಹೊಸಾ ಮಾಲು.” ತರಗತಿ ನಕ್ಕಿತು. ಮೈಯ ಚರ್ಮವೂ ಆಗಾಗ ಹೊಸದಾಗುತ್ತದೆಂದು ವಿಜ್ಞಾನದ ಶಿಕ್ಷಕರು ಹೇಳಿದ್ದನ್ನು ಇನ್ನೊಬ್ಬಳು ನೆನಪಿಸಿದಳು. ಕೈಗಳು ಎದ್ದವು. ಬೇರೆ ಮನುಷ್ಯ ಎಂದು ತೀರ್ಪಾಯಿತು. ಗಿರಿಜಾ ನಗಲಿಲ್ಲ. ಕಡ್ಡಿಯನ್ನು ನನ್ನ ಅಂಗೈಯಲ್ಲಿಟ್ಟು, “ಒಪ್ಪಿದೆನ್ರಿ” ಎಂದು ಹೋಗಿ ಕುಳಿತಳು.

ಸೋಮವಾರ ಪ್ರಾರ್ಥನೆ ಮುಗಿಯುತ್ತಲೇ ಮುಖ್ಯೋಪಾಧ್ಯಾಯರಾದ ಇನಾಮದಾರ ಸರ್ ನನ್ನನ್ನು ಕೊಠಡಿಗೆ ಕರೆಸಿದರು. ಒಳಗೆ ರುಮಾಲು ಸುತ್ತಿದ ಒಬ್ಬರು ನಿಂತಿದ್ದರು. ಕುಳಿತುಕೊಳ್ಳಲು ಹೇಳಿದರೂ ಕುಳಿತಿರಲಿಲ್ಲ.

“ಇವರು ಗಿರಿಜಾನ ಕಾಕಾ,” ಎಂದರು ಇನಾಮದಾರ ಸರ್. “ಏನು ಕಲಿಸೀರಿ ಅಂತ ಇವರಿಗೆ ನೀವಽ ಹೇಳ್ರಿ.”

ಕಾಕಾ ನನ್ನ ಕಡೆಗೆ ತಿರುಗಿದರು. “ಮಾಸ್ತರ, ನಿಮ್ಮ ಸಾಲ್ಯಾಗ ಅಪ್ಪನ್ನ ಬ್ಯಾರೆ ಮನಷಾ ಮಾಡೂದು ಕಲಸ್ತೀರೇನ್ರಿ?”

ಅವರಿಂದ ತಿಳಿದುಬಂದ ಸಂಗತಿ ಇಂತಿದೆ. ಅವರ ಅಣ್ಣ, ಗಿರಿಜಾಳ ತಂದೆ ಫಕ್ಕೀರಪ್ಪ ಇದೇ ಊರಿನಲ್ಲಿ ಮೆಣಸಿನಕಾಯಿ ಚೀಲ ಹೊರುವ ಹಮಾಲನಾಗಿದ್ದವನು. ಗಿರಿಜಾ ತೊಟ್ಟಿಲಲ್ಲಿದ್ದಾಗ ಮನೆ ಬಿಟ್ಟು ಹೋದ. ಸತ್ತನೋ ಇದ್ದಾನೋ ತಿಳಿಯದೆ ಎಲ್ಲರೂ ಸುಮ್ಮನಾಗಿದ್ದರು. ಆ ಶನಿವಾರ ಸಂಜೆ ಅವನು ಬಂದು ಬಾಗಿಲು ತಟ್ಟಿದ. ಬರುವುದಾಗಿ ತಮ್ಮನಿಗೆ ಮೊದಲೇ ಹೇಳಿ ಕಳುಹಿಸಿದ್ದ. ಆ ಸುದ್ದಿ ಗಿರಿಜಾಳ ಕಿವಿಗೂ ಬಿದ್ದಿತ್ತು. ತಾಯಿ ಇನ್ನೂ ಬಯಲಿನಿಂದ ಬಂದಿರಲಿಲ್ಲ. ಗಿರಿಜಾ ಬಾಗಿಲು ಅರ್ಧ ತೆರೆದು, “ಪಂಚರು ಹೇಳ್ಯಾರ, ನೀವು ಬ್ಯಾರೆ ಮನಷಾ,” ಎಂದು ಮುಚ್ಚಿ ಒಳಗಿನಿಂದ ಚಿಲಕ ಹಾಕಿದಳು.

“ಯಾವ ಪಂಚರು ಅಂತ ಊರೆಲ್ಲಾ ಕೇಳಿದೆ,” ಎಂದರು ಕಾಕಾ. “ಹತ್ತನೇತ್ತಾದ ಹುಡುಗ್ರಂತ.”

ಭಾನುವಾರವೆಲ್ಲ ಕಾಕಾ ಓಡಾಡಿದ್ದರು. ನೀಲವ್ವನನ್ನು ಕೇಳಿದರೆ, “ಬಾಗಿಲಾ ಹಾಕಿದಾಕಿ ಅಕಿ, ಅಕಿನ್ನ ಕೇಳ್ರಿ,” ಎಂದಷ್ಟೇ ಹೇಳಿದಳಂತೆ. ಫಕ್ಕೀರಪ್ಪ ಕಾಗಿನೆಲೆಗೆ ಹೋಗಿ ಯಾತ್ರಿಕರು ತಂಗುವ ಜಾಗದಲ್ಲಿ ಉಳಿದಿದ್ದ. ತಮ್ಮನ ಮನೆಗೂ ಬರಲೊಲ್ಲೆನೆಂದ. ಮಗಳು ಒಳಗೆ ಕರೆಯದಿದ್ದರೆ ಮತ್ತೆ ಬಂದ ದಾರಿ ಹಿಡಿಯುವುದಾಗಿ ಹೇಳಿದ್ದ. ಬಂದ ದಾರಿ ಎಲ್ಲಿಯದು ಎಂದು ನಾನು ಕೇಳಿದೆ. ಕಾಕಾ ತಲೆ ತಗ್ಗಿಸಿದರು.

“ಕುಮಾರಪಟ್ಟಣರಿ. ಅಲ್ಲೆ ಫ್ಯಾಕ್ಟರಿ ಹತ್ರ ಗುತ್ತಿಗೆದಾರನ ಕಡೆ ಲೋಡಿಂಗ ಮಾಡಾಕತ್ತಿದ್ನಂತ. ಇಷ್ಟೂ ವರ್ಷ.”

ಮುಂಬಯಿ, ಗೋವೆ ಎಂದು ಏನೇನೋ ಊಹಿಸಿದ್ದೆ. ರಾಣೆಬೆನ್ನೂರಿನಲ್ಲಿ ಒಂದು ಬಸ್ಸು ಬದಲಿಸಿದರೆ ಮುಟ್ಟುವ ಊರು ಅದು.

ಕಾಕಾ ಹೋದ ನಂತರ ಇನಾಮದಾರ ಸರ್ ಬಾಗಿಲು ಮುಚ್ಚಿದರು. ಅವರು ಮೆದು ಮಾತಿನ ಅಧಿಕಾರಿ. ಆದ್ದರಿಂದಲೇ ಅವರ ಮಾತಿಗೆ ಹೆದರಿಕೆಯಾಗುತ್ತಿತ್ತು. “ಮಾಸ್ತರ್ರ, ಕೌದಿ ನೀವು ಬಿಚ್ಚೀರಿ. ನೀವಽ ಹೊಲೀರಿ. ಆ ಹುಡುಗಿಗೆ ಹೇಳ್ರಿ, ಅದು ಆಟ ಅಂತ.”

ನಾನು ಗಿರಿಜಾಳನ್ನು ಕರೆಸಿ ಹಾಗೆಯೇ ಹೇಳಿದೆ. ಅದು ಕಲಿಕೆಯ ಒಂದು ವಿಧಾನ ಮಾತ್ರ, ನಿಜವಾದ ತೀರ್ಪಲ್ಲ ಎಂದೆ. ಅವಳು ನನ್ನನ್ನು ನೋಡಿದ ನೋಟ ಇಂದಿಗೂ ಮರೆತಿಲ್ಲ. ದುಃಖವಾಗಲಿ ಸಿಟ್ಟಾಗಲಿ ಅದರಲ್ಲಿರಲಿಲ್ಲ. ದೊಡ್ಡವರೊಬ್ಬರು ಆಡಬಾರದ ಮಾತು ಆಡಿದರೆ ಮಕ್ಕಳು ನೋಡುತ್ತಾರಲ್ಲ, ಹಾಗೆ.

“ಕಡ್ಡಿ ಹಿಡಿದೇನ್ರಿ ಸರ್. ಒಪ್ಪಿದೆ ಅಂದೇನ್ರಿ. ಪಂಚರು ಕಟ್ಟಿದ್ದನ್ನ ಪಂಚರಽ ಬಿಚ್ಚಬೇಕ್ರಿ. ಮಾಸ್ತರು ಒಬ್ರಽ ಬಿಚ್ಚಾಕ ಬರೂದಿಲ್ರಿ.”

ಕಿರಿಯ ಮಿತ್ರರ ಗಮನಕ್ಕೆ ತರಬಯಸುವುದು ಇದನ್ನೇ. ನಾವು ತರಗತಿಯಲ್ಲಿ ತತ್ವವನ್ನು ಇಡುವಾಗ ಅದನ್ನು ಹಲಗೆಯ ಮೇಲಿಡುತ್ತಿದ್ದೇವೆಂದು ತಿಳಿಯುತ್ತೇವೆ. ಗಂಟೆಯಾದ ಮೇಲೆ ಒರೆಸಿದರಾಯಿತು ಎಂದುಕೊಳ್ಳುತ್ತೇವೆ. ಯಾರಾದರೊಬ್ಬರು ಅದನ್ನು ಮನೆಗೆ ಒಯ್ದಿರುತ್ತಾರೆ.

ಅದೇ ವಾರ ಬಸವರಾಜ ಕಾಗಿನೆಲೆಯಲ್ಲಿ ಫಕ್ಕೀರಪ್ಪನನ್ನು ಹುಡುಕಿ ಮಾತನಾಡಿಸಿದ. ಯಾರೂ ಅವನಿಗೆ ಹೇಳಿರಲಿಲ್ಲ. ಶುಕ್ರವಾರ ನನ್ನ ಮೇಜಿನ ಬಳಿ ಬಂದು ನಿಂತು, “ಸರ್, ನಮ್ಮ ನ್ಯಾಯ ತಪ್ಪೈತ್ರಿ,” ಎಂದ.

“ಹೆಂಗ?”

“ಕೌದಿಗೆ ಬಾಯಿಲ್ರಿ. ಅದಕ್ಕ ನಾವಽ ಮಾತಾಡಿದಿವಿ. ಮನಷಾಗ ಬಾಯೈತಿ. ಎದುರು ಪಾರ್ಟಿ ಇಲ್ದ ಯಾವ ಊರಾಗ ನ್ಯಾಯಾ ಮಾಡ್ತಾರ್ರಿ? ನಾ ನಗಿಚಾಟಿಗಿ ಮಾಡಿದೆ. ನನಗೇನ್ ಗೊತ್ತಿತ್ತು, ಖರೇ ಮನಷಾ ಅದಾನ ಅಂತ?”

ನಾನು ಇನಾಮದಾರ ಸರ್ ಅವರ ಅನುಮತಿ ಕೋರಿದೆ. ಅವರು ಮುಂದಿದ್ದ ಕಡತ ಮುಚ್ಚಿ, “ನಾನೂ ಹಿಂದಿನ ಬೆಂಚಿನ್ಯಾಗ ಕುಂದರ್ತೇನಿ,” ಎಂದರು.

ಶನಿವಾರ ಬಸವರಾಜನ ಜೊತೆ ಅದೇ ಬಸ್ಸಿನಲ್ಲಿ ಫಕ್ಕೀರಪ್ಪ ಬಂದ. ಒಣಗಿದ ದೇಹ, ತೊಳೆದ ಅಂಗಿ, ಕೈಯಲ್ಲಿ ಚಪ್ಪಲಿ. ಚಪ್ಪಲಿಯನ್ನು ಬಾಗಿಲಲ್ಲಿ ಬಿಡಬೇಕೋ ಒಳಗೆ ತರಬೇಕೋ ತಿಳಿಯದೆ ಹಿಡಿದೇ ನಿಂತ. ಗಾಳಿ ಅಂದು ಆಚೆಗೆ ಬೀಸುತ್ತಿತ್ತು, ಕೊಠಡಿಯಲ್ಲಿ ಘಾಟಿರಲಿಲ್ಲ. ಯಾರೋ ಬೆಂಚು ತೋರಿಸಿದರು. ಕುಳಿತ. ಮೊಣಕಾಲುಗಳು ಮೇಜಿಗೆ ತಾಗಿದವು.

ಗಿರಿಜಾ ಮುಂದೆ ಬಂದು ಕಡ್ಡಿ ತೆಗೆದುಕೊಂಡಳು. ಅವನ ಕಡೆ ನೋಡದೆ, ಹಲಗೆಯ ಕಡೆ ನೋಡುತ್ತ ಮಾತನಾಡಿದಳು.

“ಪಂಚರಽ, ಇವರನ್ನ ಒಂದ ಮಾತು ಕೇಳ್ತೇನಿ. ನೀವು ಬದಲಾಗೀರಿ ಅಂದ್ರ, ನಮಗ ಯಾರೂ ಅಲ್ಲ, ಬ್ಯಾರೆ ಮನಷಾ. ಬದಲಾಗಿಲ್ಲ ಅಂದ್ರ, ನಮ್ಮನ್ನ ಬಿಟ್ಟು ಹೋದಾವರು ನೀವಽ. ಇದ್ರಾಗ ಯಾವುದು?”

ಎರಡೂ ಕಡೆ ಬಾಗಿಲಿಲ್ಲದ ಪ್ರಶ್ನೆ ಅದು. ಹದಿನೈದರ ಹುಡುಗಿ ಅದನ್ನು ತನ್ನ ತಂದೆಯ ಮುಂದೆ ಇಟ್ಟಿದ್ದಳು, ಮತ್ತು ಇಡುವ ಕ್ರಮವನ್ನು ನಾನು ಕಲಿಸಿದ್ದೆ. ನಡುವೆ ಬಂದು ನಿಲ್ಲಿಸಬೇಕೆಂದು ಎದ್ದೆ. ಹಿಂದಿನ ಬೆಂಚಿನಿಂದ ಇನಾಮದಾರ ಸರ್ ಕೈಸನ್ನೆಯಿಂದ ಬೇಡವೆಂದರು.

ಫಕ್ಕೀರಪ್ಪ ಚಪ್ಪಲಿಗಳನ್ನು ನೆಲಕ್ಕಿಟ್ಟ. “ಎಷ್ಟೋ ಸಲ ಬಸ್ ಸ್ಟ್ಯಾಂಡಿನತನಾ ಬಂದೇನಿ. ಹೊಳ್ಳಿ ಹೋಗೇನಿ. ಬದಲಾಗೇನಿ ಅಂತ ಹೇಳಿದ್ರ ನನಗ ಹಗುರ ಆಕ್ಕೈತಿ,” ಎಂದ. ಗಿರಿಜಾಳ ಕಡೆ ತಿರುಗಿದ. “ಬಿಟ್ಟು ಹೋದಾಂವ ನಾನಽ, ತಂಗಿ. ಅದಽ ಮನಷಾ.”

ಕೈ ಎತ್ತಿರೆಂದು ನಾನು ಹೇಳಲಿಲ್ಲ. ಹೇಳುವ ಮೊದಲೇ ಬಸವರಾಜನ ಕೈ ಎದ್ದಿತ್ತು. ಒಂದೊಂದಾಗಿ ಎಲ್ಲ ಕೈಗಳೂ ಎದ್ದವು. ಹಿಂದಿನ ಬೆಂಚಿನದೂ ಎದ್ದಿತು. ಅದೇ ಮನುಷ್ಯ ಎಂದು ಪಂಚರು ಹೇಳಿದಂತಾಯಿತು. ನಾನು ಅಂಗೈ ಚಾಚಿದೆ. ಗಿರಿಜಾ ಕಡ್ಡಿಯನ್ನಿಟ್ಟು, “ಒಪ್ಪಿದೆನ್ರಿ,” ಎಂದಳು.

ಎಲ್ಲರೂ ನಿರಾಳವಾಗಿ ಉಸಿರು ಬಿಟ್ಟೆವು. ಅವಳು ಹೋಗಿ ಕುಳಿತುಕೊಳ್ಳಲಿಲ್ಲ.

“ಅದಽ ಮನಷಾ ಅಂತ ಒಪ್ಪಿದೆ. ಮನಿಯೊಳಗ ಕರೀಬೇಕು ಅಂತ ಪಂಚರು ಹೇಳಿಲ್ಲ. ಅದು ಈ ನ್ಯಾಯದಾಗ ಬರೂದಿಲ್ಲ. ಅದನ್ನ ಅವ್ವನ್ನ ಕೇಳಬೇಕು.”

ಒಂದು ವಸ್ತು ಏನಾಗಿದೆ ಎಂಬುದರಿಂದ ನಾವು ಏನು ಮಾಡಬೇಕು ಎಂಬುದು ಹೊರಡುವುದಿಲ್ಲ. ಈ ಭೇದವನ್ನು ನಾನು ಯಾವ ಪಾಠದಲ್ಲೂ ಹೇಳಿರಲಿಲ್ಲ, ಹೇಳಲು ನನಗೆ ಬರುತ್ತಲೂ ಇರಲಿಲ್ಲ. ಇನಾಮದಾರ ಸರ್ ಎದ್ದು, “ಹಂಗಾದ್ರ ನಡೀರಿ, ಗೋಡಿ ಆಚೆನ ಅದಾಳಲ್ಲ,” ಎಂದರು. ಗಂಟೆ ಬಾರಿಸಿತು.

ಬಯಲಿನಲ್ಲಿ ಕೆಂಪು ರಾಶಿಗಳ ನಡುವೆ ಹೆಂಗಸರು ಸಾಲಾಗಿ ಕುಳಿತಿದ್ದರು. ನೀಲವ್ವ ತಲೆ ಎತ್ತಿ ಫಕ್ಕೀರಪ್ಪನನ್ನು ನೋಡಿದಳು. ಅವಳ ಬೆರಳುಗಳು ನಿಲ್ಲಲಿಲ್ಲ. ತೊಟ್ಟು ಈ ಕಡೆ, ಕಾಯಿ ಆ ಕಡೆ. ಫಕ್ಕೀರಪ್ಪ ಏನೋ ಹೇಳಲು ಬಾಯಿ ತೆರೆದ. ತೆರೆದದ್ದೇ ತಡ, ಕೆಮ್ಮು ಹತ್ತಿತು. ಮಾತು ಒಂದೂ ಹೊರಡಲಿಲ್ಲ. ಕಣ್ಣು ಮೂಗು ಎಲ್ಲ ನೀರಾಗಿ, ಸೊಂಟ ಬಗ್ಗಿಸಿ ಕೆಮ್ಮಿದ. ಇದೇ ಬಯಲಿನಿಂದ ಇದೇ ಕಾಯಿಯ ಚೀಲಗಳನ್ನು ಬೆನ್ನ ಮೇಲೆ ಹೊತ್ತವನು.

“ಯವ್ವಾ, ಇಂವ ಯಾವೂರಾಂವ?” ಎಂದು ಪಕ್ಕದ ಮುದುಕಿ ನಕ್ಕಳು. “ಹಮಾಲ ಫಕ್ಕೀರಪ್ಪಗ ಕೆಮ್ಮು ಅಂದ್ರ ಏನು ಗೊತ್ತಿದ್ದಿಲ್ಲ.”

ನೀಲವ್ವ ನಗಲಿಲ್ಲ. ಅವನ ಕೆಮ್ಮು ಇಳಿಯುವವರೆಗೂ ನೋಡಿದಳು. ಆಮೇಲೆ ಯಾರಿಗೂ ಅಲ್ಲ ಎಂಬಂತೆ ಹೇಳಿದಳು: “ಹಳೇ ಮನಷಾ ಬಂದಿದ್ರ ಒಳಗ ಬಿಡತಿದ್ದಿಲ್ಲ. ಇಂವ ಹೊಸಬ. ಹೊಸಬರು ಮೂಗಿಗಿ ಅರಬಿ ಕಟಗೋಬೇಕು.” ಹೇಳಿ, ತನ್ನ ಮುಂದಿನ ರಾಶಿಯ ಅರ್ಧವನ್ನು ಮೊಣಕೈಯಿಂದ ಅವನ ಕಡೆಗೆ ತಳ್ಳಿದಳು.

ಅವನು ಕರವಸ್ತ್ರ ಕಟ್ಟಿಕೊಂಡು ಕುಳಿತ. ಚೀಲ ಹೊತ್ತವನ ಬೆರಳುಗಳಿಗೆ ಆ ಕೆಲಸ ಹೊಸದು, ತೊಟ್ಟಿನ ಜೊತೆ ಕಾಯಿಯನ್ನೂ ಹರಿಯುತ್ತಿದ್ದ. ಗಿರಿಜಾ ಸ್ವಲ್ಪ ಹೊತ್ತು ಇಬ್ಬರನ್ನೂ ನೋಡಿದಳು. ತರಗತಿಯ ತೀರ್ಪು ಎರಡು ಸಲ ಆಗಿತ್ತು, ಎರಡನ್ನೂ ಅವಳ ತಾಯಿ ಒಂದೇ ಮಾತಿನಲ್ಲಿ ತಿರುವಿ ಹಾಕಿದ್ದಳು: ಬೇರೆ ಮನುಷ್ಯನೇ ಹೌದು, ಆದ್ದರಿಂದಲೇ ಒಳಗೆ ಬರಬಹುದು. ಗಿರಿಜಾ ಕೊರಳಿನಿಂದ ದಾರ ಬಿಚ್ಚಿ ಕೀಲಿಕೈಯನ್ನು ತಾಯಿಯ ಕೈಗಿತ್ತಳು. ನೀಲವ್ವ ಅದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು, “ಸಂಜಿಕ ಮೂರೂ ಮಂದಿ ಕೂಡೇ ಹೋಗೂಣು,” ಎಂದಳು.

ಇನಾಮದಾರ ಸರ್ ಯಾವಾಗ ಹೊರಟುಹೋದರೋ ಗಮನಿಸಲಿಲ್ಲ. ನಾನು ಅಲ್ಲೇ ನಿಂತಿದ್ದೆ. ಗಾಳಿ ತಿರುಗಿ ಘಾಟು ಮುಖಕ್ಕೆ ಬಡಿಯುತ್ತಿತ್ತು. ಫಕ್ಕೀರಪ್ಪ ಬಟ್ಟೆಯೊಳಗಿಂದಲೇ ಮತ್ತೆ ಕೆಮ್ಮಿದ. ಆಗ ನನ್ನ ಅರಿವಿಗೆ ಬಂದ ಸಂಗತಿಯನ್ನು ಇದ್ದದ್ದು ಇದ್ದ ಹಾಗೆ ನಿವೇದಿಸಿ ಈ ಬರಹವನ್ನು ನಿಲ್ಲಿಸುತ್ತೇನೆ. ಅಷ್ಟು ಹೊತ್ತು ಆ ರಾಶಿಗಳ ನಡುವೆ ನಿಂತಿದ್ದರೂ ನಾನು ಒಮ್ಮೆಯೂ ಕೆಮ್ಮಿರಲಿಲ್ಲ.